ಅಪ್ಪಣೆಯಿಲ್ಲದ ಕಿಟಕಿ

ನಮ್ಮ ಚಿಕ್ಕಮ್ಮನ ಮನೆಯನ್ನು ಪಾರಂಪರಿಕ ಕಟ್ಟಡ ಎಂದು ಪುರಸಭೆಯವರು ಘೋಷಿಸಿದ ದಿನ ಅದರ ಛಾವಣಿ ಮೂರು ಕಡೆ ಸೋರುತ್ತಿತ್ತು. ಸೋರುತ್ತಿದೆ ಎಂದು ಅದೇ ಪುರಸಭೆಗೆ ಚಿಕ್ಕಮ್ಮ ಹದಿನೆಂಟು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದಳು. ಬರೆದುಕೊಡುತ್ತಿದ್ದವಳು ನಾನು. ಒಕ್ಕಣೆ ಒಂದೇ, ತಾರೀಕು ಮಾತ್ರ ಬೇರೆ. ಅಷ್ಟು ವರ್ಷ ಒಂದು ನರಪಿಳ್ಳೆಯೂ ಆ ಕಡೆ ತಲೆ ಹಾಕಲಿಲ್ಲ. ಪಾರಂಪರಿಕ ಎಂಬ ಮೊಹರು ಬಿದ್ದ ವಾರದೊಳಗೆ ಹನ್ನೊಂದು ಜನ ಬಂದರು. ಸೋರುವ ಜಾಗಗಳನ್ನು ತಲೆಯೆತ್ತಿ ನೋಡಿದರು. ಎಷ್ಟು ಸಹಜವಾಗಿ ಉಳಿದುಕೊಂಡಿದೆ ಎಂದು ಹೊಗಳಿದರು. ಫೋಟೊ ತೆಗೆದುಕೊಂಡು ಹೋದರು.

"ಇಷ್ಟು ವರ್ಷ ಸೋರಿದ್ದು ಸುಮ್ನೆ ಹೋಗ್ಲಿಲ್ಲ ನೋಡು," ಎಂದಳು ಚಿಕ್ಕಮ್ಮ. "ರಿಪೇರಿ ಮಾಡಿದ್ರೆ ಹಾಳಾಗೋಗ್ತಿತ್ತಂತೆ."

ಚಿಕ್ಕಮ್ಮ ನನ್ನ ತಾಯಿಯ ತಂಗಿ. ವಯಸ್ಸು ಎಪ್ಪತ್ತೇಳು. ಬೀದಿಯವರಿಗೆಲ್ಲ ಅವಳು ಗುಂಡಿಯಮ್ಮ. ಹೊಸಬರು ಈ ಹೆಸರು ಕೇಳಿದರೆ ಗುಂಡಿ ತೋಡುವ ಕೂಲಿಯವಳಿರಬೇಕು ಅಂದುಕೊಳ್ಳುತ್ತಾರೆ. ಗುಂಡಿ ತೆಗೆಯುತ್ತಿದ್ದಳು ಎಂಬುದು ನಿಜ. ಆದರೆ ನೆಲದಲ್ಲಲ್ಲ, ಅಂಗಿಯಲ್ಲಿ. ಊರಿನ ಕಾಗದದ ಗಿರಣಿಯಲ್ಲಿ ಆಗ ಹಳೇ ಬಟ್ಟೆಯಿಂದ ಕಾಗದ ಮಾಡುತ್ತಿದ್ದರು. ಎಲ್ಲೆಲ್ಲಿಂದಲೋ ಗಂಟುಗಟ್ಟಲೆ ಚಿಂದಿ ಬಂದು ಬೀಳುತ್ತಿತ್ತು. ಚಿಂದಿಮನೆ ಎಂಬ ಉದ್ದನೆಯ ಕೊಠಡಿಯಲ್ಲಿ ಹೆಂಗಸರು ಸಾಲಾಗಿ ನಿಂತು, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಅಲಗಿಗೆ ಬಟ್ಟೆ ಎಳೆದು ಸೀಳಬೇಕು. ಗುಂಡಿ, ಕೊಕ್ಕೆ, ದಪ್ಪ ಹೊಲಿಗೆ ಇವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಒಂದು ಗುಂಡಿ ತಪ್ಪಿ ಒಳಗೆ ಹೋದರೂ ಕಾಗದದಲ್ಲಿ ತೂತು. ಯಾರು ಸತ್ತಾಗ ತೊಟ್ಟ ಅಂಗಿಯೋ, ಯಾವ ಆಸ್ಪತ್ರೆಯ ಹಾಸಿಗೆ ಹೊದಿಕೆಯೋ, ಎಲ್ಲದರ ದೂಳೂ ಇವರ ಮೂಗಿಗೆ. ಹದಿನಾಲ್ಕನೇ ವಯಸ್ಸಿಗೆ ಚಿಕ್ಕಮ್ಮ ಆ ಮೇಜಿನ ಮುಂದೆ ನಿಂತವಳು, ನಲವತ್ತಮೂರು ವರ್ಷದ ನಂತರ ಗಿರಣಿ ಮುಚ್ಚಿದ ದಿನವೇ ಅಲ್ಲಿಂದ ಸರಿದದ್ದು. ನೂರು ವರ್ಷ ಬಾಳುವ ಕಾಗದ ಎಂದು ಗಿರಣಿಯವರ ಜಾಹೀರಾತಿತ್ತು. ಅದನ್ನು ಮಾಡುವವರು ಅದರ ಅರ್ಧ ಬಾಳಿದರೆ ಹೆಚ್ಚು.

ಹತ್ತೊಂಬತ್ತಕ್ಕೆ ಮದುವೆಯಾಗಿ ಅವಳು ಬಂದದ್ದು ಗಿರಣಿಯ ಲೈನ್ ಮನೆಗೆ. ಇಪ್ಪತ್ತನಾಲ್ಕು ಮನೆಗಳ ಒಂದೇ ಉದ್ದ ಸಾಲು; ಅದರಲ್ಲಿ ಕೊನೆಯದು, ಇಪ್ಪತ್ತನಾಲ್ಕನೇ ನಂಬರ್. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಮುಗಿಯಿತು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಡುವ ತನಕ ಇನ್ನೊಬ್ಬರು ಕಾಯಬೇಕು. ಮನೆಗೂ ಮನೆಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಇಪ್ಪತ್ತಮೂರನೇ ನಂಬರಿನವರು ಕೆಮ್ಮಿದರೆ ಚಿಕ್ಕಪ್ಪ ಇಲ್ಲಿಂದ 'ನೀರು ಕುಡೀರಿ' ಅನ್ನುತ್ತಿದ್ದರು. ಸಾಲಿನ ಇನ್ನೊಂದು ತುದಿಯಲ್ಲಿ ನಾಲ್ಕು ಕಕ್ಕಸು, ಎರಡು ನಲ್ಲಿ. ಅಂದರೆ ಕೊನೆಯ ಮನೆಯವರಿಗೆ ಬೆಳಗಾದರೆ ಅರ್ಧ ಫರ್ಲಾಂಗು ಮೆರವಣಿಗೆ.

ಕಿಟಕಿ ಇದ್ದದ್ದು ಮುಂದುಗಡೆ ಮಾತ್ರ. ಹಿಂದುಗಡೆ, ಒಲೆ ಇದ್ದ ಕಡೆ, ಒಂದು ಬೆರಳು ತೂರುವಷ್ಟು ಸಂದೂ ಇರಲಿಲ್ಲ. ಕಾರಣ ಬಹಳ ಸರಳ. ಹಿಂಗೋಡೆಯ ಆಚೆ ಒಂದು ಕಿರಿದಾದ ಹಾದಿ, ಅದರಾಚೆ ಗಿರಣಿ ಯಜಮಾನರ ಬಂಗಲೆಯ ತೋಟ. ಯಜಮಾನರು ಹೂವಿನ ಗಿಡ ನೋಡುತ್ತ ಕೂತಾಗ ಇಪ್ಪತ್ತನಾಲ್ಕು ಅಡುಗೆಮನೆಗಳು ಅವರ ಕಡೆ ಕಣ್ಣು ಬಿಟ್ಟುಕೊಂಡು ನೋಡಬಾರದಲ್ಲ. ಹಾಗಾಗಿ ಕುರುಡು ಗೋಡೆ ಕಟ್ಟಿಸಿದರು. ಹೊಗೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದವರಿಲ್ಲ. ಅದು ಇದ್ದಲ್ಲೇ ಇತ್ತು.

ಮದುವೆಯಾಗಿ ನಾಲ್ಕನೇ ವರ್ಷ ಚಿಕ್ಕಮ್ಮನಿಗೆ ಹೆಣ್ಣುಮಗು ಆಯಿತು. ಎಂಟು ತಿಂಗಳು ಬದುಕಿತ್ತು. ಹುಟ್ಟಿದ ಎರಡನೇ ತಿಂಗಳಿಂದಲೇ ಕೆಮ್ಮು. ಗಿರಣಿಯ ಡಾಕ್ಟರು ಮೂರು ಬಾರಿ ಔಷಧಿ ಬದಲಾಯಿಸಿದರು. ನಾಲ್ಕನೇ ಬಾರಿ ಮಗುವನ್ನು ಎತ್ತಿಕೊಂಡು ಹೋದಾಗ, "ಇದಕ್ಕೆ ಸ್ವಲ್ಪ ಒಳ್ಳೇ ಗಾಳಿ ಬೇಕು" ಎಂದು ಚೀಟಿ ಬರೆಯದೆ ಕಳಿಸಿದರಂತೆ. ಔಷಧಿ ಅಂಗಡಿಯಲ್ಲಿ ಸಿಗದ ಮದ್ದನ್ನು ಹೇಳಿ ಕೈ ತೊಳೆದುಕೊಂಡ ಆ ಡಾಕ್ಟರನ್ನು ಚಿಕ್ಕಮ್ಮ ಇವತ್ತಿಗೂ ಕ್ಷಮಿಸಿಲ್ಲ. ಮಗುವಿನ ವಿಷಯ ಅವಳು ಮಾತಾಡುವುದಿಲ್ಲ. ಡಾಕ್ಟರನ್ನು ಬೈಯುತ್ತಾಳೆ, ಅಷ್ಟೆ.

ನಾನು ಅವಳ ಮನೆಗೆ ಬಂದದ್ದು ಅದಾದ ಮೂರು ವರ್ಷಕ್ಕೆ. ನನಗೆ ಐದು ವರ್ಷ. ಅಪ್ಪ ಇರಲಿಲ್ಲ, ಅಮ್ಮನಿಗೆ ದೂರದ ಊರಿನ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. "ಒಂದು ವರ್ಷ ನೋಡ್ಕೋ, ಆಮೇಲೆ ಕರ್ಕೊಂಡು ಹೋಗ್ತೀನಿ," ಎಂದು ಬಿಟ್ಟುಹೋದಳು. ಆ ಒಂದು ವರ್ಷ ನನ್ನ ಹೈಸ್ಕೂಲು ಮುಗಿಯುವ ತನಕ ನಡೆಯಿತು. ಬಂದ ಎರಡನೇ ತಿಂಗಳಿಗೆ ನನಗೂ ಕೆಮ್ಮು ಶುರುವಾಯಿತು.

ಚಿಕ್ಕಮ್ಮ ಒಂದು ವಾರ ಕೇಳಿಸಿಕೊಂಡಳು. ರಜೆಯ ದಿನ ಬೆಳಗ್ಗೆ ಎದ್ದು ಚಿಕ್ಕಪ್ಪನಿಗೆ, "ಬಾಯ್ಲರ್ ಹತ್ರ ಕಬ್ಬಿಣದ ಸಲಾಕೆ ಇರುತ್ತಲ್ಲ, ಒಂದು ತಗೊಂಬನ್ನಿ," ಎಂದಳು.

"ಯಾಕೆ?"

"ಗೋಡೆ ಒಡೀಬೇಕು."

ಚಿಕ್ಕಪ್ಪ ಒಳ್ಳೆಯವರು. ಅವರ ಒಳ್ಳೆಯತನದ ಬಗ್ಗೆ ಎರಡು ಮಾತಿಲ್ಲ. ಅವರ ಪುಕ್ಕಲುತನದ ಬಗ್ಗೆಯೂ ಇಲ್ಲ. ಗಿರಣಿಯಲ್ಲಿ ಚಿಂದಿಯನ್ನು ಅರೆಯುವ ತೊಟ್ಟಿಯ ಹತ್ತಿರ ಕೆಲಸ, ಯಾರಾದರೂ ಜೋರಾಗಿ ಕರೆದರೆ ಕೈಯಲ್ಲಿದ್ದದ್ದು ಬೀಳಿಸಿಬಿಡುತ್ತಿದ್ದರು. ಕಂಪನಿ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕು ಎಂದು ಅವರು ನಡುಗುತ್ತ ನೆನಪಿಸಿದರು. ಆಮೇಲೆ ನಡುಗುತ್ತಲೇ ಹೋಗಿ ಸಲಾಕೆ ತಂದರು. ಒಡೆದವಳು ಚಿಕ್ಕಮ್ಮ. ಅವರು ಮುಂಬಾಗಿಲಲ್ಲಿ ಕಾವಲು ನಿಂತು, ಯಾರಾದರೂ ಬಂದರೆ ಸಿಳ್ಳೆ ಹಾಕುತ್ತೇನೆ ಎಂದಿದ್ದರು. ಭಯಕ್ಕೆ ತುಟಿ ಒಣಗಿ ಸಿಳ್ಳೆ ಹೊರಡದಿದ್ದರೆ ಎಂದು ಮೊದಲಿನಿಂದಲೇ ಅಭ್ಯಾಸ ಮಾಡತೊಡಗಿದರು. ಆ ಸಿಳ್ಳೆ ಕೇಳಿ ಏನು ವಿಷಯ ಅಂತ ಅರ್ಧ ಸಾಲು ಬಂದು ಸೇರಿತು.

ಗೋಡೆ ಬೀಳುವುದಕ್ಕೆ ಹೊತ್ತೇನೂ ಹಿಡಿಯಲಿಲ್ಲ. ಸುಣ್ಣ ಹಾಕಬೇಕಾದ ಕಡೆ ಮರಳು ಹಾಕಿ ಕಟ್ಟಿದ ಗೋಡೆ; ಸಲಾಕೆ ತಗುಲಿದ ಕೂಡಲೇ ಬೆಲ್ಲದ ಹಾಗೆ ಉದುರಿತು. ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಚಿಂದಿಗಂಟು ಬರುತ್ತಿದ್ದ ಪೆಟ್ಟಿಗೆಯ ಹಲಗೆಯಿಂದ ಒಂದು ಬಾಗಿಲು ಮಾಡಿ ಕೂರಿಸಿದರು. ಅವತ್ತು ಸಂಜೆ ಒಲೆ ಹಚ್ಚಿದಾಗ ಹೊಗೆ ಸ್ವಲ್ಪ ಹೊತ್ತು ದಾರಿ ಗೊತ್ತಾಗದೆ ಸುತ್ತಾಡಿ, ಆಮೇಲೆ ಕಿಟಕಿಯಿಂದ ಹೊರಗೆ ಹೋಯಿತು. ನಾನು ಮೊಟ್ಟಮೊದಲ ಬಾರಿಗೆ ಅಡುಗೆಮನೆಯ ಎದುರುಗೋಡೆ ನೋಡಿದೆ.

ನಾಲ್ಕನೇ ದಿನ ಕೊಡೆ ಸಾಹೇಬ ಬಂದ. ಲೈನ್ ಮನೆಗಳ ಉಸ್ತುವಾರಿ ಅವನದು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಮಡಿಸಿದ ಕೊಡೆ. ಅದರ ತುದಿಯಿಂದ ಜನರ ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವನ್ನೂ ತಿವಿದು ನೋಡುವುದು ಅವನ ಅಭ್ಯಾಸ. ಕಿಟಕಿಯನ್ನೂ ತಿವಿದ. "ಇದೇನಿದು?" ಎಂದ.

"ಕಿಟಕಿ," ಎಂದಳು ಚಿಕ್ಕಮ್ಮ.

"ಯಾರನ್ನ ಕೇಳಿ ಮಾಡಿದ್ರಿ?"

"ಮಗೂನ ಕೇಳಿ."

ಮರುದಿನ ಅಚ್ಚು ಹಾಕಿದ ನೋಟಿಸು ಬಂತು. ಬಾಗಿಲಿಗೆ ಅಂಟಿಸಿ ಹೋದರು. ಚಿಕ್ಕಮ್ಮನಿಗೆ ಓದಲು ಬರದು. ಚಿಕ್ಕಪ್ಪ ಓದಿ ಹೇಳಿ ಊಟ ಬಿಟ್ಟರು. ಏಳು ದಿನದೊಳಗೆ ಮುಚ್ಚಬೇಕು ಎಂಬುದು ಅದರ ಸಾರ. ಚಿಕ್ಕಮ್ಮ ಅದನ್ನು ನಾಜೂಕಾಗಿ ಬಿಡಿಸಿ, ಹೊಸ ಕಿಟಕಿಯ ಹಲಗೆಯ ಒಳಮೈಗೆ ಅಂಟು ಹಚ್ಚಿ ಮೆತ್ತಿದಳು. ಹಲಗೆಯ ಸಂದಿನಿಂದ ಗಾಳಿ ಬರುತ್ತಿತ್ತು, ಕಾಗದ ದಪ್ಪಗಿತ್ತು, ಅಷ್ಟೇ ಕಾರಣ. ಅವಳೇ ಗುಂಡಿ ಬಿಡಿಸಿದ ಚಿಂದಿಯ ಕಾಗದ. ಗಟ್ಟಿ ಎಂದು ಅವಳಿಗೆ ಗೊತ್ತಿತ್ತು.

ಎಂಟನೇ ದಿನ ಕೊಡೆ ಸಾಹೇಬ ಒಬ್ಬ ಗಾರೆ ಕೆಲಸದವನನ್ನೂ ಒಂದು ಬುಟ್ಟಿ ಇಟ್ಟಿಗೆಯನ್ನೂ ಕರೆತಂದ. ಚಿಕ್ಕಮ್ಮ ನನ್ನನ್ನು ಎತ್ತಿ ಕಿಟಕಿಯ ಚೌಕಟ್ಟಿನೊಳಗೆ ಕೂರಿಸಿದಳು. "ಕದಲಬೇಡ," ಎಂದಳು. ಕಾಲು ಹೊರಗೆ, ಬೆನ್ನು ಒಳಗೆ. ಎದುರಿಗೆ ಯಜಮಾನರ ತೋಟ. ಅಲ್ಲಿ ನನಗಿಂತ ಸ್ವಲ್ಪ ದೊಡ್ಡ ಹುಡುಗನೊಬ್ಬ ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಅಲ್ಲಿ ಮಧ್ಯಾಹ್ನದ ತನಕ ಕೂತಿದ್ದೆ. ಗಾರೆಯವನು ಇಟ್ಟಿಗೆ ಇಳಿಸಿ ಬೀಡಿ ಹಚ್ಚಿದ. "ಮಗೂನ ಸೇರಿಸಿ ಕಟ್ಟೋದಾ ಸಾಹೇಬ್ರೆ, ತೆಗ್ದು ಕಟ್ಟೋದಾ? ಹೇಳಿಬಿಡಿ," ಎಂದ. ಕೊಡೆ ಸಾಹೇಬ ಕಣ್ಣು ಕೆಂಪಗೆ ಮಾಡಿಕೊಂಡು ಹೊರಟುಹೋದ.

ಅವನು ಸೋತ ಎಂದು ಸಾಲಿನವರೆಲ್ಲ ನಕ್ಕರು. ಮುಂದಿನ ವಾರ ಚಿಕ್ಕಮ್ಮನನ್ನು ಮೇಜಿನಿಂದ ತೆಗೆದು ದೂಳು ಜಾಡಿಸುವ ಯಂತ್ರಕ್ಕೆ ಹಾಕಿದರು. ಚಿಂದಿಯನ್ನು ತಂತಿಬಲೆಯ ದೊಡ್ಡ ಪೀಪಾಯಿಯಲ್ಲಿ ಸುತ್ತಿಸಿ ದೂಳು ಉದುರಿಸುವ ಯಂತ್ರ ಅದು. ಅಲ್ಲಿಗೆ ಯಾರನ್ನೂ ಆರು ತಿಂಗಳ ಮೇಲೆ ಇಡುತ್ತಿರಲಿಲ್ಲ. ಅವಳನ್ನು ಮೂರು ವರ್ಷ ಇಟ್ಟರು. ಸಂಜೆ ಮನೆಗೆ ಬಂದಾಗ ಅವಳ ರೆಪ್ಪೆ, ಹುಬ್ಬು ಎಲ್ಲ ಬೂದಿಬಣ್ಣ. ನನ್ನ ಕೆಮ್ಮು ನಿಂತಿತ್ತು, ಅವಳದು ಶುರುವಾಗಿತ್ತು. ಅದು ಇವತ್ತಿಗೂ ಹೋಗಿಲ್ಲ. ಆ ಮೂರು ವರ್ಷದಲ್ಲಿ ಸಾಲಿನ ಇಪ್ಪತ್ತನಾಲ್ಕು ಮನೆಗೂ ಹಿಂದುಗಡೆ ಕಿಟಕಿ ಬಂತು. ಅಷ್ಟೂ ಜನಕ್ಕೆ ದೂಳಿನ ಯಂತ್ರ ಸಾಲುತ್ತಿರಲಿಲ್ಲ, ಹಾಗಾಗಿ ಕಂಪನಿ ಸುಮ್ಮನಾಯಿತು. ಯಾರಾದರೂ ಬಂದು ಅವಳಿಗೆ ಉಪಕಾರವಾಯಿತು ಎಂದು ಹೇಳಿದರಾ? ಇಲ್ಲ. ಕಬ್ಬಿಣದ ಸಲಾಕೆ ಎಲ್ಲಿಂದ ತಂದಿರಿ ಎಂದು ಕೇಳಲು ಮಾತ್ರ ಎಲ್ಲರೂ ಬಂದಿದ್ದರು.

ಗಿರಣಿ ಮುಚ್ಚಿ ಈಗ ಇಪ್ಪತ್ತು ವರ್ಷ. ಚಿಕ್ಕಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಲೈನ್ ಮನೆಗಳು ಪುರಸಭೆಯ ಪಾಲಾದವು. ಆರು ವರ್ಷದ ಹಿಂದೆ ಎಲ್ಲವನ್ನೂ ಕೆಡವಲು ಹೊರಟು ಜನರನ್ನು ಹೊಸ ಕಟ್ಟಡಕ್ಕೆ ಕಳಿಸಿದರು. ಚಿಕ್ಕಮ್ಮನಿಗೆ ಕೊಟ್ಟದ್ದು ನಾಲ್ಕನೇ ಮಹಡಿ. ಲಿಫ್ಟ್ ಇತ್ತು, ಉದ್ಘಾಟನೆಯ ದಿನ ಗಣ್ಯರನ್ನು ಮೇಲಕ್ಕೆ ಒಯ್ದದ್ದೇ ಅದರ ಕೊನೆಯ ಪ್ರಯಾಣ. ಚಿಕ್ಕಮ್ಮನ ಮಂಡಿಗಳು ಆಗಲೇ ಸೋತಿದ್ದವು. "ಮೇಲೆ ಹತ್ತಿಸಿದ್ರೆ ಆಮೇಲೆ ಇಳಿಸೋದು ನಾಲ್ಕು ಜನಾನೇ," ಎಂದು ಅವಳು ಹೋಗಲಿಲ್ಲ. ಇಪ್ಪತ್ತಮೂರು ಮನೆ ಬಿದ್ದವು. ಇಪ್ಪತ್ತನಾಲ್ಕನೆಯದರ ಕಡತ ಯಾವುದೋ ಚುನಾವಣೆಯ ಗಡಿಬಿಡಿಯಲ್ಲಿ ಕಳೆದುಹೋಯಿತು. ಮನೆ ಬಯಲಿನ ನಡುವೆ ಒಂಟಿ ಹಲ್ಲಿನ ಹಾಗೆ ನಿಂತಿತು. ಅದರ ಒಂದು ಬದಿಯ ಗೋಡೆಯ ಮೇಲೆ ಪಕ್ಕದ ಮನೆಯವರ ನೀಲಿ ಬಣ್ಣ, ಅವರ ಗೂಡಿನ ಗುರುತು, ಕನ್ನಡಿ ತೂಗುಹಾಕಿದ್ದ ಮೊಳೆ ಎಲ್ಲ ಬಿಸಿಲಿಗೆ ಬಿದ್ದಿದ್ದವು.

ಕಳೆದುಹೋದ ಕಡತವೇ ಪಾರಂಪರಿಕ ಮೌಲ್ಯದ ತಾಯಿ. ಯಾರೋ ಒಬ್ಬರು ಹೋಗುವಾಗ ನೋಡಿ, ಕಾರ್ಮಿಕರ ಮನೆಗಳಲ್ಲಿ ಇದೊಂದೇ ಉಳಿದಿರುವುದು ಎಂದು ಕಂಡುಹಿಡಿದರು. ಇಪ್ಪತ್ತನಾಲ್ಕು ಇದ್ದಾಗ ಅದು ಕೊಳಚೆ. ಒಂದು ಉಳಿದಾಗ ಅಮೂಲ್ಯ. ಸಂರಕ್ಷಣಾ ಸಮಿತಿ ಅಂತ ಒಂದು ಹುಟ್ಟಿತು. ಅದಕ್ಕೆ ಅಧ್ಯಕ್ಷರು ಹಳೇ ಗಿರಣಿ ಯಜಮಾನರ ಮೊಮ್ಮಗ. ಊರಿನವರ ಬಾಯಲ್ಲಿ ಅವರು ಇನ್ನೂ ಸಣ್ಣ ಯಜಮಾನರು, ಅರವತ್ತು ಸಮೀಪಿಸಿ ಮೈ ಎರಡು ಕುರ್ಚಿ ಬೇಡುತ್ತಿದ್ದರೂ. ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದ ಹುಡುಗ ಅವರೇ ಇರಬೇಕೆಂದು ನನ್ನ ಅಂದಾಜು. ಅವರ ಜೊತೆಗೆ ಹಳೇ ಕಟ್ಟಡಗಳ ತಜ್ಞನೊಬ್ಬ. ಸಣಕಲು ಮನುಷ್ಯ, ಮೂವತ್ತೈದರ ಆಸುಪಾಸು, ಕುತ್ತಿಗೆಯಲ್ಲಿ ಸದಾ ಟೇಪು. ಚಿಕ್ಕಮ್ಮ ಅವನಿಗೆ ಅಳತೆಪಟ್ಟಿ ಎಂದು ಹೆಸರಿಟ್ಟಳು.

ಅಳತೆಪಟ್ಟಿ ಗೋಡೆ ಮುಟ್ಟಿ ನೋಡಿ, "ಆ ಕಾಲದ ಸುಣ್ಣದ ಗಾರೆಯ ಕೌಶಲ ನೋಡಿ," ಎಂದ.

"ಕೌಶಲ ಅಲ್ಲಪ್ಪಾ, ಕಳ್ಳತನ," ಎಂದಳು ಚಿಕ್ಕಮ್ಮ. "ಉಗುರಲ್ಲಿ ಕೆರಿ, ಬರುತ್ತೆ."

ಅವನು ಕೆರೆದ. ಬಂತು. ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವನಲ್ಲಿ ನನಗೆ ಸ್ವಲ್ಪ ಗೌರವ ಹುಟ್ಟಿದ್ದು ಆಗ. ಸಮಿತಿಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವನು ಅವನೊಬ್ಬನೇ.

ಯೋಜನೆ ತಿಳಿಸಲು ಸಣ್ಣ ಯಜಮಾನರೇ ಬಂದರು. ಚಿಕ್ಕಮ್ಮ ಮನೆಯಲ್ಲೇ ಇರಬಹುದು, ಕೊನೆಯ ತನಕ. ವಾರಕ್ಕೆ ಎರಡು ದಿನ ಜನ ನೋಡಲು ಬರುತ್ತಾರೆ. ಆದರೆ ಮನೆಯನ್ನು ಮೂಲ ಸ್ಥಿತಿಗೆ ತರಬೇಕು. ಛಾವಣಿ ದುರಸ್ತಿ ಆಗುತ್ತದೆ; ಜೊತೆಗೆ ನಂತರ ಸೇರಿಸಿದ್ದೆಲ್ಲ ಹೋಗುತ್ತದೆ. ಚಿಕ್ಕಪ್ಪ ಹಾಕಿಸಿದ ಸಿಮೆಂಟು ನೆಲ, ಗಿರಣಿ ಮುಚ್ಚಿದಾಗ ಬಂದ ಪರಿಹಾರದಲ್ಲಿ ಕಟ್ಟಿಸಿದ ಕಕ್ಕಸು, ಹಿಂಗೋಡೆಯ ಕಿಟಕಿ.

"ಕಿಟಕಿ ಯಾಕೆ?" ಎಂದಳು ಚಿಕ್ಕಮ್ಮ.

"ಅದು ಮೂಲದ್ದಲ್ಲ ಅಮ್ಮಾ. ನಮ್ಮ ತಾತ ಕಟ್ಟಿಸಿದ ನಕ್ಷೆಯಲ್ಲಿ ಇಲ್ಲ. ಆಮೇಲೆ ಯಾರೋ ಒಡೆದಿದ್ದಾರೆ."

"ಯಾರೋ ಅಲ್ಲ. ನಾನೇ."

"ಅದೇ ಅಮ್ಮಾ. ಇತಿಹಾಸ ಹೇಗಿತ್ತೋ ಹಾಗೇ ಜನಕ್ಕೆ ಕಾಣ್ಬೇಕಲ್ವಾ? ತಾತನವರಿಗೆ ಕಾರ್ಮಿಕರು ಅಂದ್ರೆ ಮನೆ ಮಕ್ಕಳ ಹಾಗೆ. ಅವ್ರು ಕೊಟ್ಟಿದ್ದನ್ನ ಕೊಟ್ಟ ಹಾಗೇ ಉಳಿಸ್ಕೊಳ್ಳೋಣ."

"ಹಂಗಾದ್ರೆ ಒಂದು ಕೆಲಸ ಮಾಡಿ," ಎಂದಳು. "ಹೊಗೇನೂ ಉಳಿಸ್ಕೊಳ್ಳಿ. ನಕ್ಷೇಲಿ ಇಲ್ದೇ ಇರ್ಬೋದು, ಆದ್ರೆ ಮೊದ್ಲಿಂದ ಇದ್ದಿದ್ದು ಅದೇ."

ಯಜಮಾನರು ನಕ್ಕರು. ಮುದುಕಿಯರ ಮಾತಿಗೆ ದೊಡ್ಡವರು ನಗುವ ನಗು ಅದು. ಉತ್ತರ ಕೊಡಬೇಕಾಗಿ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ. ಈಗಂತೂ ಗ್ಯಾಸ್ ಒಲೆ ಇದೆ, ಹೊಗೆಯ ಪ್ರಶ್ನೆಯೇ ಇಲ್ಲ ಎಂದು ಸಮಾಧಾನ ಹೇಳಿ ಎದ್ದರು. ಅವರ ಮಾತಲ್ಲಿ ನ್ಯಾಯವಿತ್ತು ಎಂದು ನನಗೂ ಒಂದು ಗಳಿಗೆ ಅನಿಸಿತು. ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಲ್ಲವೇ ನಾನು, ನಕ್ಷೆ ಅಂದರೆ ತಲೆ ಬಾಗುತ್ತದೆ. "ಹೋಗ್ಲಿ ಬಿಡು ಚಿಕ್ಕಮ್ಮಾ, ಛಾವಣಿ ಆದ್ರೂ ಸರಿಹೋಗುತ್ತೆ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಅಲ್ಲಿ ಕೂರಿಸಿದ್ದು ದಂಡ," ಎಂದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಕೆಲಸ ಶುರುವಾಯಿತು. ಮೊದಲು ನೆಲ ಅಗೆದರು. ಕಕ್ಕಸು ಮಾತ್ರ ಉಳಿಯಿತು. ನೋಡಲು ಬರುವ ಜನರಿಗೆ ಬೇಕಾಗುತ್ತದೆ ಎಂದು ಆರೋಗ್ಯ ಶಾಖೆಯವರು ಹಟ ಹಿಡಿದರು. ಎಪ್ಪತ್ತೇಳು ವರ್ಷದ ಹೆಂಗಸಿಗೆ ಬೇಕಾಗುತ್ತದೆ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಕಿಟಕಿಯ ಸರದಿ ಬಂದಾಗ ಅಳತೆಪಟ್ಟಿ, ತೆಗೆಯುವ ಮೊದಲು ದಾಖಲೆಗಾಗಿ ಬಣ್ಣದ ಪದರಗಳನ್ನು ನೋಡಬೇಕು ಎಂದು ಒಂದು ಸಣ್ಣ ಚಾಕು ಹಿಡಿದು ಬಂದ. ಬಾಗಿಲಿನ ಒಳಮೈಯಲ್ಲಿ ಐವತ್ತು ವರ್ಷದ ಬಣ್ಣ ಇತ್ತು. ಹಸಿರು, ಅದರಡಿ ಕಂದು, ಅದರಡಿ ಬಿಳಿ ಸುಣ್ಣ. ಚಿಕ್ಕಮ್ಮ ಮಂಚದ ಮೇಲೆ ಕೂತು, ಅವನು ಕೆರೆಯುವುದನ್ನು ಮೂಗು ಮುರಿಯುತ್ತ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

ಸುಣ್ಣದಡಿ ಕಪ್ಪು ಅಕ್ಷರ ಕಾಣಿಸಿತು.

ಅವನು ಚಾಕು ಇಟ್ಟು ಒದ್ದೆ ಹತ್ತಿಯಿಂದ ಒರೆಸತೊಡಗಿದ. ಒಂದು ಗಂಟೆ ಹಿಡಿಯಿತು. ಕಾಗದಕ್ಕೆ ಏನೂ ಆಗಿರಲಿಲ್ಲ. "ಏನಮ್ಮಾ ಇದು?" ಎಂದ.

"ಕೊಡೆ ಸಾಹೇಬನ ನೋಟಿಸು," ಎಂದಳು ಚಿಕ್ಕಮ್ಮ. "ಇನ್ನೂ ಇದ್ಯಾ ಅದು?"

ನಾನು ಹತ್ತಿರ ಹೋಗಿ ಓದಿದೆ. ಐದು ವರ್ಷದವಳಾಗಿದ್ದಾಗ ನನ್ನ ಬೆನ್ನಿನ ಹಿಂದೆಯೇ ಇದ್ದ ಅಕ್ಷರಗಳು. 'ಲೈನ್ ಮನೆ ಸಂಖ್ಯೆ ಇಪ್ಪತ್ತನಾಲ್ಕರ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಕಂಪನಿಯ ಸ್ವತ್ತಾದ ಹಿಂಗೋಡೆಯಲ್ಲಿ ಅಪ್ಪಣೆಯಿಲ್ಲದೆ ರಂಧ್ರ ಕೊರೆದಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ರಂಧ್ರದ ಮೂಲಕ ಹೊಗೆಯೂ ಅಡುಗೆಯ ವಾಸನೆಯೂ ಬಂಗಲೆಯ ಉದ್ಯಾನಕ್ಕೆ ಬಂದು ಸಂಜೆ ಅಲ್ಲಿ ವಿಶ್ರಮಿಸುವವರಿಗೆ ತೊಂದರೆಯಾಗುತ್ತಿದೆ. ಏಳು ದಿನಗಳೊಳಗೆ ಮುಚ್ಚತಕ್ಕದ್ದು.' ಕೆಳಗೆ ತಾರೀಕು, ಐವತ್ತೊಂದು ವರ್ಷದ ಹಿಂದಿನದು. ಅದರ ಕೆಳಗೆ ಸಹಿ ಕೊಡೆ ಸಾಹೇಬನದಲ್ಲ. ಹಳೇ ಯಜಮಾನರದು, ಸ್ವಹಸ್ತದ್ದು.

ಅಳತೆಪಟ್ಟಿ ನೆಲದ ಮೇಲೆ ಕೂತುಬಿಟ್ಟ. ಐವತ್ತು ವರ್ಷ ದಾಟಿದ್ದು, ದಾಖಲೆ ಇರುವಂಥದ್ದು, ಯಾವುದನ್ನೂ ಮುಟ್ಟುವ ಹಾಗಿಲ್ಲವಂತೆ, ನಿಯಮ ಹಾಗಿದೆಯಂತೆ. "ಈ ಕಿಟಕಿ ಈಗ ತೆಗೆಯೋಕಾಗಲ್ಲ ಅಮ್ಮಾ," ಎಂದ. "ಮನೇಲಿರೋದ್ರಲ್ಲೆಲ್ಲ ಇದೇ ಮುಖ್ಯ."

"ಅಂದ್ರೆ ಮುಚ್ಚು ಅಂತ ಬರೆದಿದ್ದಕ್ಕೆ ಉಳೀತು?"

"ಹೂಂ. ಒಂಥರಾ ಹಾಗೇ."

ಚಿಕ್ಕಮ್ಮ ಕಿತ್ತುಹಾಕಿದ ನೆಲ ನೋಡಿದಳು. "ಆ ಕೊಡೆ ಸಾಹೇಬ ಎಂಥಾ ಸೋಮಾರಿ," ಎಂದಳು. "ಸಿಮೆಂಟಿಗೂ ಒಂದು ನೋಟಿಸು ಬರೆಯೋಕೆ ಅವ್ನಿಗೇನಾಗಿತ್ತು."

ಸುದ್ದಿ ತಿಳಿದು ಸಣ್ಣ ಯಜಮಾನರು ಅರ್ಧ ಗಂಟೆಯಲ್ಲಿ ಬಂದರು. ಓದಿದರು. ಇನ್ನೊಮ್ಮೆ ಓದಿದರು. ಕಿಟಕಿ ಇರಲಿ, ಅದಕ್ಕೇನೂ ಅಭ್ಯಂತರವಿಲ್ಲ ಎಂದರು. ಆದರೆ ಇಂಥ ಅಪರೂಪದ ಕಾಗದ ಇಲ್ಲಿ ತೇವಕ್ಕೆ ಹಾಳಾಗುತ್ತದೆ, ತಮ್ಮ ಮನೆಯ ಕಪಾಟಿನಲ್ಲಿ ಭದ್ರವಾಗಿಡುತ್ತೇನೆ, ಬೇಕಾದವರು ಕೇಳಿ ನೋಡಬಹುದು ಎಂದರು.

"ಒಲೆ ಪಕ್ಕ ಐವತ್ತು ವರ್ಷ ಹಾಳಾಗದೆ ಇದ್ದಿದ್ದು, ನಿಮ್ಮ ಕಪಾಟಿನ ಕಾಳಜಿ ಬೇಡ ಅದಕ್ಕೆ," ಎಂದಳು ಚಿಕ್ಕಮ್ಮ. "ಗೋಡೆ ನಿಮ್ಮ ತಾತಂದು. ಅದನ್ನ ಬೇಕಾದ್ರೆ ತಗೊಂಡ್ಹೋಗಿ. ಹಲಗೆ ನಂದು, ಮೊಳೆ ನಂದು. ಮೊದ್ಲು ಬಾಗ್ಲಿಗೆ ಅಂಟಿಸಿ ಹೋದೋರು ನೀವು. ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ?"

ಅಳತೆಪಟ್ಟಿ ಅಧ್ಯಕ್ಷರ ಕಡೆ ನೋಡದೆ, ಗೋಡೆಯ ಕಡೆ ನೋಡುತ್ತ, ಕಾಗದವನ್ನು ಇದ್ದ ಜಾಗದಿಂದ ಕದಲಿಸಬಾರದು ಎಂದು ತಾನು ವರದಿಯಲ್ಲಿ ಬರೆಯುವುದಾಗಿ ಹೇಳಿದ. ಬರೆದ ಕೂಡ. ಮೇಲೆ ಗಾಜು ಹಾಕಿಸಿದ.

ಉದ್ಘಾಟನೆಯ ದಿನ ಇನ್ನೂರು ಜನ ಸೇರಿದ್ದರು. ಹೊಸ ಕಟ್ಟಡದಿಂದ ಹಳೇ ಲೈನಿನವರೂ ಬಂದಿದ್ದರು, ಮುಖ್ಯವಾಗಿ ಚಹಾಕ್ಕೆ. ಸಣ್ಣ ಯಜಮಾನರು ನಲವತ್ತು ನಿಮಿಷ ಮಾತಾಡಿದರು. ಅವರ ತಾತನ ಕಾಲದಲ್ಲಿ ಕಾರ್ಮಿಕರ ಮುಖದಲ್ಲಿ ಇದ್ದ ನಗುವನ್ನು ತಾವು ಮಗುವಾಗಿದ್ದಾಗ ಬಂಗಲೆಯ ತೋಟದಿಂದ ನೋಡುತ್ತಿದ್ದರಂತೆ. ಗೋಡೆಯ ಆಚೆಯ ನಗು ಅವರಿಗೆ ಹೇಗೆ ಕಾಣುತ್ತಿತ್ತೋ. ಕೊನೆಗೆ, ಈ ಮನೆಯ ಮೇಲೆ ನಿಮಗಿರುವ ಪ್ರೀತಿಯ ಬಗ್ಗೆ ಎರಡು ಮಾತು ಹೇಳಬೇಕು ಎಂದು ಚಿಕ್ಕಮ್ಮನ ಕೈಗೆ ಮೈಕು ಕೊಟ್ಟರು.

"ಪ್ರೀತಿ ಏನಿಲ್ಲ," ಎಂದಳು ಚಿಕ್ಕಮ್ಮ. "ಹೋಗೋಕೆ ಬೇರೆ ಜಾಗ ಇರ್ಲಿಲ್ಲ." ಮೈಕನ್ನು ನನ್ನ ಕೈಗೆ ತುರುಕಿದಳು. "ಇವ್ಳು ಟೀಚರು. ಓದ್ತಾಳೆ. ಓದೇ."

ನಾನು ನೋಟಿಸನ್ನು ಕಾಗದದಲ್ಲಿ ಬರೆದುಕೊಂಡು ಬಂದಿದ್ದೆ. ಅದು ಅವಳ ಅಪ್ಪಣೆ. ಶುರುವಿನಲ್ಲಿ ಮೈಕು ಕಿರುಗುಟ್ಟಿತು. 'ವಿಶ್ರಮಿಸುವವರಿಗೆ' ಎಂಬಲ್ಲಿಗೆ ಬರುವಾಗ ಸರಿಹೋಗಿತ್ತು. ಓದಿ ಮುಗಿಸಿದೆ. ಹಿಂದಿನ ಸಾಲಿನಿಂದ, ಗಿರಣಿಯ ಬಾಯ್ಲರಿನಲ್ಲಿ ಕೆಲಸ ಮಾಡಿದ್ದ ಮುದುಕರೊಬ್ಬರು, "ನಮ್ಮನೇಗೂ ಬಂದಿತ್ತು ಇದು. ನಾನು ಒಲೆಗೆ ಹಾಕ್ದೆ," ಎಂದರು. ನಮ್ಮನೇಗೂ, ನಮ್ಮನೇಗೂ ಎಂದು ಅಲ್ಲಲ್ಲಿ ಗುಸುಗುಸು ಎದ್ದಿತು. ಯಜಮಾನರು ಗಡಿಯಾರ ನೋಡಿಕೊಂಡು ಚಹಾಕ್ಕೆ ಕರೆದರು. ಪತ್ರಿಕೆಯಲ್ಲಿ ಮರುದಿನ ಸರಳ ಸಮಾರಂಭ ಎಂದು ಬಂತು. ನೋಟಿಸಿನ ಸುದ್ದಿ ಇರಲಿಲ್ಲ. ಯಜಮಾನರು ರಿಬ್ಬನ್ ಕತ್ತರಿಸುವ ಫೋಟೊ ಇತ್ತು.

ಆಮೇಲೆ ಆರು ತಿಂಗಳು ಚಿಕ್ಕಮ್ಮ ಆ ಮನೆಯಲ್ಲಿದ್ದಳು. ಮೂಲ ಸ್ಥಿತಿಗೆ ತಂದ ನೆಲ ಮೂಲ ಕಾಲದ ಹಾಗೆಯೇ ತೇವ ಕಾರುತ್ತಿತ್ತು. ಮಂಡಿ ಊದಿಕೊಂಡಿತು. ವಾರಕ್ಕೆರಡು ದಿನ ಜನ ಬರುತ್ತಿದ್ದರು. ಹಿಂದಿನ ಕಾಲ ಎಷ್ಟು ನೆಮ್ಮದಿ ಅಲ್ವಾ ಅಜ್ಜಿ ಎಂದವರಿಗೆ ಅವಳು ದೂಳಿನ ಯಂತ್ರದ ಕಥೆಯನ್ನು ಉಪ್ಪು ಖಾರ ಹಚ್ಚದೆ ಹೇಳುತ್ತಿದ್ದಳು. ಅವರು ಬೇಗ ಹೊರಡುತ್ತಿದ್ದರು. ಅಜ್ಜಿ ಒರಟು ಎಂದು ಸಮಿತಿಗೆ ದೂರು ಹೋಯಿತು.

ಹೊಸ ಕಟ್ಟಡದ ನೆಲಮಹಡಿಯಲ್ಲಿ ಒಂದು ಮನೆ ಖಾಲಿಯಾದ ಸುದ್ದಿ ಸಿಕ್ಕಿದ ದಿನವೇ ಅವಳು ಹೊರಟಳು. ಯಾರನ್ನೂ ಕೇಳಲಿಲ್ಲ. ಅಳತೆಪಟ್ಟಿ ಓಡಿಬಂದು, "ಅಷ್ಟು ಹೋರಾಡಿ ಉಳಿಸ್ಕೊಂಡ ಮನೆ ಅಮ್ಮಾ, ಬಿಟ್ಟು ಹೋಗ್ತೀರಾ?" ಎಂದ. ಪಾಪ, ಅವನ ಕಣ್ಣು ತುಂಬಿತ್ತು.

"ನಾನೆಲ್ಲಿ ಮನೆ ಉಳಿಸ್ದೆ? ಅದು ನಿಮ್ಮ ಕೆಲಸ," ಎಂದಳು. "ನನ್ನ ಜಗಳ ಉಸಿರಾಡೋಕೆ. ಅಲ್ಲಿ ಬಚ್ಚಲು ಮನೆಯೊಳಗೇ ಇದೆ ಕಣಪ್ಪಾ, ಬಿಸಿನೀರು ಬರುತ್ತೆ. ಪಾತ್ರೆ ಡಬ್ಬ ಎತ್ತು, ಸುಮ್ನೆ ನಿಂತ್ಕೋಬೇಡ."

ಅವನು ಎತ್ತಿದ. ಒಂದೇ ಗಾಡಿಗೆ ಸಾಮಾನೆಲ್ಲ ಹಿಡಿಯಿತು.

ಈಗ ಆ ಅಡುಗೆಮನೆಯಲ್ಲಿ ಸಮಿತಿಯವರು ಒಂದು ಪ್ಲಾಸ್ಟರ್ ಹೆಂಗಸನ್ನು ನಿಲ್ಲಿಸಿದ್ದಾರೆ. ಚಿಂದಿಮನೆಯ ಕೆಲಸದವಳಂತೆ. ಕೆನ್ನೆ ಗುಲಾಬಿ, ಕೈ ನುಣುಪು, ಎಲ್ಲರನ್ನೂ ನೋಡಿ ಹಲ್ಲು ಬಿಡುತ್ತಾಳೆ; ಯಾವ ದೂರೂ ಬಂದಿಲ್ಲ. ನೋಟಿಸು ಗಾಜಿನ ಹಿಂದೆ ಇದೆ, ಆದರೆ ಬೊಂಬೆಯ ತಲೆ ಅಡ್ಡ ಬರುತ್ತದೆ. ನಾನು ನನ್ನ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋದಾಗ ಅವಳನ್ನು ಒಂದು ಪಕ್ಕಕ್ಕೆ ತಳ್ಳಿ ಓದಿಸಿ, ಮತ್ತೆ ಇದ್ದಲ್ಲಿ ಇಡದೆ ಬಂದೆ.

ಒಮ್ಮೆ ಬಂದು ನೋಡು ಎಂದು ಚಿಕ್ಕಮ್ಮನನ್ನು ಕರೆದೆ. "ಐವತ್ತೆಂಟು ವರ್ಷ ನಾನೇ ನಿಂತಿದ್ದೆ, ಆಗ ಯಾರು ಬಂದ್ರು ನೋಡೋಕೆ," ಎಂದು ಮಗ್ಗುಲು ಬದಲಾಯಿಸಿದಳು. ಮಧ್ಯಾಹ್ನ ಮಲಗುವುದನ್ನು ಅವಳು ಈಗ ಕಲಿತಿದ್ದಾಳೆ. ನಾನು ಹೋದಾಗ ಬಾಗಿಲು ತೆರೆಯಲು ಬಹಳ ಹೊತ್ತು ಮಾಡುತ್ತಾಳೆ, ತೆರೆದ ಮೇಲೆ ನಿದ್ದೆ ಕೆಡಿಸಿದೆ ಎಂದು ಬೈಯುತ್ತಾಳೆ, ಆಮೇಲೆ ಚಹಾ ಮಾಡು ಅನ್ನುತ್ತಾಳೆ.